ಸ್ಮಿತ್ ಎಂಬ ಹೆಸರಿನ ವೃತ್ತಾಂತ

ಇಂಗ್ಲಿಷು ವಿದ್ಯಾಭ್ಯಾಸದಲ್ಲಿ ತೊಡಗಿರುವ ಮಕ್ಕಳುಳ್ಳ ಮನೆಗಳಲ್ಲಿ ಒಂದು ಪ್ರಶ್ನೆಯು ಎಂದಾದರೊಂದು ದಿನ ಹುಟ್ಟದೆ ಇರದು. ಅರ್ಥಶಾಸ್ತ್ರದ ಪುಸ್ತಕವನ್ನು ತೆರೆದರೆ ಅಲ್ಲಿ ಆಡಮ್ ಸ್ಮಿತ್. ಭೂಗರ್ಭಶಾಸ್ತ್ರವನ್ನು ತೆರೆದರೆ ಅಲ್ಲಿ ವಿಲಿಯಂ ಸ್ಮಿತ್. ನಮ್ಮ ದೇಶದ ಪ್ರಾಚೀನ ಚರಿತ್ರೆಯನ್ನು ತೆರೆದರೆ ಅಲ್ಲಿ ವಿನ್ಸೆಂಟ್ ಸ್ಮಿತ್. ಇದಾವುದೂ ಬೇಡವೆಂದು ಕ್ರಿಕೆಟ್ಟಿನ ವರದಿಯನ್ನು ನೋಡಿದರೆ ಅಲ್ಲಿಯೂ ಒಬ್ಬ ಸ್ಮಿತ್. "ಇವರೆಲ್ಲರೂ ಒಂದೇ ಮನೆಯವರೇನು, ತಾತ?" ಎಂದು ಮಗುವು ಕೇಳಿದರೆ, ಹಿರಿಯರಾದವರು "ಇದ್ದರೂ ಇರಬಹುದಪ್ಪ" ಎಂದು ಹೇಳಿ ಜಾರಿಕೊಳ್ಳುವುದುಂಟು. ಹಾಗೆ ಜಾರಿಕೊಳ್ಳಬೇಕಾದ ಕಾರಣವಿಲ್ಲ. ಈ ಪ್ರಶ್ನೆಗೆ ಸರಿಯಾದ ಉತ್ತರವಿದೆ; ಮತ್ತು ಆ ಉತ್ತರವು ಹೆಸರು, ಕಸಬು, ರಕ್ತಸಂಬಂಧ ಈ ಮೂರರ ವಿಷಯದಲ್ಲಿ ಜನರು ಸುಲಭವಾಗಿ ನಂಬಿಕೊಂಡಿರುವ ಕೆಲವು ಮಾತುಗಳನ್ನು ತಿದ್ದತಕ್ಕದ್ದಾಗಿದೆ. ಆದುದರಿಂದ ಇಂಗ್ಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮಂದಿ ಧರಿಸಿರುವ ಈ ಹೆಸರಿನ ವೃತ್ತಾಂತವನ್ನು ಈ ತಿಂಗಳು ನಮ್ಮ ವಾಚಕರ ಮುಂದೆ ಇಡುತ್ತೇವೆ.

ಮೊದಲು ಶಬ್ದವನ್ನು ವಿಚಾರಮಾಡೋಣ. ಸ್ಮಿತ್ ಎಂದರೆ ಕಮ್ಮಾರ. ಇದು ಆಂಗ್ಲೇಯರ ಅತಿ ಪುರಾತನವಾದ ಮಾತುಗಳಲ್ಲೊಂದು. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿಯೂ ಇದರ ಉಚ್ಚಾರಣೆಯು ಹೆಚ್ಚು ಭೇದವಿಲ್ಲದೆ ಹೀಗೆಯೇ ಇದ್ದಿತು. ಜರ್ಮನ್ನರ ಷ್ಮಿಟ್, ಡಚ್ಚರ ಸ್ಮಿಟ್ ಎಂಬುವು ಇದರ ಒಡಹುಟ್ಟುಗಳು. ಹೊಡೆಯುವುದೆಂಬ ಅರ್ಥದ 'ಸ್ಮೈಟ್' ಎಂಬ ಕ್ರಿಯಾಪದದಿಂದ ಇದು ಬಂದಿತೆಂದೂ, ಸುತ್ತಿಗೆಯಿಂದ ಹೊಡೆಯುವವನಾದುದರಿಂದ ಸ್ಮಿತ್ ಎನಿಸಿದನೆಂದೂ ಹೇಳುವವರಿದ್ದರು. ಕೇಳುವುದಕ್ಕೆ ಅಂದವಾಗಿದ್ದರೂ ಭಾಷಾಶಾಸ್ತ್ರಜ್ಞರು ಈ ವ್ಯುತ್ಪತ್ತಿಯನ್ನು ಒಪ್ಪುವುದಿಲ್ಲ. ಹತಾರವನ್ನು ಹಿಡಿದು ಕೆತ್ತುವುದು, ಕೆಲಸಮಾಡುವುದು ಎಂಬರ್ಥದ ಬೇರೊಂದು ಧಾತುವೇ ಇದರ ಮೂಲವೆಂದು ಅವರ ಮತ. ಉತ್ತರದೇಶದವರ ಹಳೆಯ ನಾರ್ಸ್ ಭಾಷೆಯಲ್ಲಿ ಇದೇ ಶಬ್ದವು ಕಬ್ಬಿಣದವನಿಗೆ ಮಾತ್ರವಲ್ಲದೆ ಮರದಲ್ಲಿ ಕೆಲಸಮಾಡುವವನಿಗೂ ಹಡಗು ಕಟ್ಟುವವನಿಗೂ ಸಲ್ಲುತ್ತಿದ್ದಿತು. ಸಂಸ್ಕೃತದ 'ಕರ್ಮಾರ' ಶಬ್ದವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಕರ್ಮವೆಂದರೆ ಕೆಲಸ, ಕೆಲಸಗಾರರಲ್ಲೆಲ್ಲ ಇವನೇ ಮುಖ್ಯನೆಂದು ತಿಳಿದ ಹಿಂದಿನವರು ಆ ಸಾಮಾನ್ಯನಾಮವನ್ನೇ ಇವನಿಗೆ ಬಿಟ್ಟುಕೊಟ್ಟರು. ಋಗ್ವೇದದ ಕಾಲದಿಂದಲೂ ಇರುವ ಆ ಕರ್ಮಾರನೇ ನಮ್ಮ ಭಾಷೆಯ ಕಮ್ಮಾರನಾಗಿದ್ದಾನೆ. ಶಬ್ದಗಳಿಗೆ ಸಂಬಂಧವಿಲ್ಲದಿದ್ದರೂ ಎರಡು ಕಡೆಯ ಜನರ ಆಲೋಚನೆಯು ಒಂದೇ ದಾರಿಯಲ್ಲಿ ನಡೆದಿರುವುದನ್ನು ನೋಡಬಹುದು.

ಈ ಕಸಬಿನ ಮಾತು ಮನುಷ್ಯನ ಹೆಸರಾದುದು ಹೇಗೆ? ಕ್ರಿ. ಶ. ೧೦೬೬ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವುದಕ್ಕೆ ಮುಂಚೆ ಆಂಗ್ಲೇಯರಲ್ಲಿ ಒಬ್ಬನಿಗೆ ಒಂದೇ ಹೆಸರು. ಗುರುತಿಗೆ ಬೇಕಾದಾಗ ಮಾತ್ರ ಇನ್ನೊಂದು ಮಾತನ್ನು ಸೇರಿಸುತ್ತಿದ್ದರು. ಸುಮಾರು ೯೭೫ರಲ್ಲಿ ಡರ್ಹಮ್ ಪ್ರಾಂತ್ಯದಲ್ಲಿ ಎಕ್ಕಿಯರ್ಡ್ ಸ್ಮಿತ್ ಎಂಬುವನೊಬ್ಬನಿದ್ದುದು ಬರೆಹದಲ್ಲಿ ಸಿಕ್ಕಿದೆ. ಈತನು ಸ್ಮಿತ್ ಮನೆತನದವನಲ್ಲ. ಎಕ್ಕಿಯರ್ಡನೆಂಬ ಕಮ್ಮಾರ, ಅಷ್ಟೆ. ಈತನ ಮಗನು ಬಡಗಿಯಾಗಿದ್ದರೆ ಅವನನ್ನು ಯಾರೂ ಸ್ಮಿತ್ ಎನ್ನುತ್ತಿರಲಿಲ್ಲ. ನಾರ್ಮನ್ ದೊರೆಗಳು ತಮ್ಮ ಜಹಗೀರಿಯ ಹೆಸರನ್ನು ತಂದೆಯಿಂದ ಮಗನಿಗೆ ಇಳಿಸುವ ಪದ್ಧತಿಯನ್ನು ತಂದರು. ದೊಡ್ಡವರ ಈ ರೂಢಿಯು ಮುಂದಿನ ಮುನ್ನೂರು ವರ್ಷಗಳಲ್ಲಿ ಮೆಲ್ಲನೆ ಊರವರಿಗೂ ಇಳಿದು ಬಂದಿತು. ಸುಮಾರು ೧೪೦೦ರ ಹೊತ್ತಿಗೆ ಇಂಗ್ಲೆಂಡಿನ ಬಹುಪಾಲು ಮನೆಗಳಿಗೆ ಹೀಗೆ ಇಳಿದುಬರುವ ಹೆಸರು ಉಂಟಾಗಿದ್ದಿತು. ಸರಕಾರದ ಲೆಕ್ಕವೂ ಇದಕ್ಕೆ ಸಹಾಯಮಾಡಿತು. ಹತ್ತು ಮಂದಿ ಜಾನ್ ಎಂಬುವರಿರುವ ಹಳ್ಳಿಯಲ್ಲಿ ತೆರಿಗೆಯನ್ನು ಯಾವ ಜಾನ್ ಕೊಟ್ಟನು, ಯಾವ ಜಾನ್ ಕೊಡಲಿಲ್ಲ ಎಂಬುದನ್ನು ಬರೆದಿಡಬೇಕಷ್ಟೆ. ೧೩೭೯ರ ತಲೆಗಂದಾಯದ ಪಟ್ಟಿಗಳಲ್ಲಿ ಹೆಸರಿನ ಮುಂದೆ ಕಸಬನ್ನೂ ಬರೆದಿರುವ ಕಡೆಗಳುಂಟು. ಅಲ್ಲಿ ಸ್ಮಿತ್ ಎಂಬ ಹೆಸರಿನವನು ಕಮ್ಮಾರನೇ ಆಗಿರುವುದನ್ನೂ ಕಾಣಬಹುದು. ಹೆಸರೊಂದು ಕಸಬೊಂದು ಆಗಿರುವವರನ್ನೂ ಕಾಣಬಹುದು. ಅಂದರೆ ಹೆಸರು ಕಸಬನ್ನು ಬಿಟ್ಟು ಮನೆಯನ್ನು ಹಿಡಿಯುತ್ತಿದ್ದ ಕಾಲವದು.

ನಮ್ಮ ಶಾಸ್ತ್ರಕಾರರು ಶಬ್ದಗಳನ್ನು ಯೌಗಿಕವೆಂದೂ ರೂಢವೆಂದೂ ವಿಭಾಗಿಸಿರುವರು. ಅವಯವಾರ್ಥವು ಇನ್ನೂ ಜೀವಂತವಾಗಿದ್ದರೆ ಯೌಗಿಕ. ಆ ಅರ್ಥವು ಮರೆಯಾಗಿ ಬಳಕೆಯ ಅರ್ಥವು ಮಾತ್ರ ನಿಂತರೆ ರೂಢ. ದರ್ಭೆಯನ್ನು ಕೈಕೊಯ್ಯದಂತೆ ಜಾಣತನದಿಂದ ತರುವವನು ಕುಶಲ. ಇಂದು ಕುಶಲನೆಂದರೆ ದರ್ಭೆಯ ನೆನಪು ಯಾರಿಗೂ ಬರುವುದಿಲ್ಲ. ಸ್ಮಿತ್ ಎಂಬುದರ ಗತಿಯೂ ಹಾಗೆಯೇ. ಎಕ್ಕಿಯರ್ಡನಲ್ಲಿ ಅದು ಯೌಗಿಕ. ಅರ್ಥಶಾಸ್ತ್ರವನ್ನು ಬರೆದ ಆಡಮ್ ಸ್ಮಿತ್ತನಲ್ಲಿ ಅದು ರೂಢ. ಈ ಆಡಮ್ ಸ್ಮಿತ್ತನು ೧೭೨೩ರಲ್ಲಿ ಸ್ಕಾಟ್‌ಲೆಂಡಿನ ಕರ್ಕಾಲ್ಡಿ ಎಂಬ ಊರಿನಲ್ಲಿ ಹುಟ್ಟಿದವನು. ತಂದೆಯು ಸುಂಕದ ಅಧಿಕಾರಿ. ೧೭೭೬ರಲ್ಲಿ ಅಚ್ಚಾದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಈತನು ಕಮ್ಮಾರನ ಮಾತನ್ನೂ ಎತ್ತಿದ್ದಾನೆ. ಎಲ್ಲ ಕೆಲಸವನ್ನೂ ಮಾಡುವ ಸಾಧಾರಣ ಕಮ್ಮಾರನು ಮೊಳೆ ಮಾಡಲು ಕುಳಿತರೆ ದಿನಕ್ಕೆ ಇನ್ನೂರು ಮುನ್ನೂರನ್ನು ಮಾಡುವುದೂ ಕಷ್ಟ. ಮೊಳೆಯೊಂದನ್ನೇ ಕಲಿತ ಹುಡುಗರು ದಿನಕ್ಕೆ ೨,೩೦೦ಕ್ಕೆ ಮೇಲ್ಪಟ್ಟು ಮಾಡುವುದನ್ನು ತಾನು ಕಂಡಿರುವೆನೆಂದು ಬರೆಯುತ್ತಾನೆ. ತನ್ನ ಹೆಸರೇ ಆ ಕಸಬಿನದೆಂಬ ಪ್ರಸ್ತಾಪವನ್ನು ಅಲ್ಲಿ ಅವನು ಎತ್ತುವುದಿಲ್ಲ. ಹೆಸರು ಅಷ್ಟು ರೂಢವಾಗಿ ಹೋಗಿದ್ದಿತು.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಇಂಗ್ಲೆಂಡಿನಲ್ಲಿ ಕಸಬುಗಳು ನೂರಾರು ಇದ್ದುವು. ಅವುಗಳಲ್ಲಿ ಕಮ್ಮಾರನ ಹೆಸರೇ ಏಕೆ ಎಲ್ಲಕ್ಕಿಂತ ಹೆಚ್ಚಾಯಿತು? ಕಮ್ಮಾರರೇ ಹೆಚ್ಚು ಮಂದಿ ಇದ್ದರೆಂದು ಥಟ್ಟನೆ ತೋರಬಹುದು. ಅದು ಸರಿಯಲ್ಲ. ಆಗಿನ ಕಾಲದಲ್ಲಿ ಎಲ್ಲರಿಗಿಂತ ಹೆಚ್ಚಾಗಿದ್ದವರು ಬೇಸಾಯಗಾರರು. ಹಾಗಾದರೆ ದೇಶದಲ್ಲೆಲ್ಲ ಬೇಸಾಯಗಾರನೆಂಬ ಹೆಸರೇ ತುಂಬಿರಬೇಕಾಗಿದ್ದಿತು, ತುಂಬಿಲ್ಲ. 'ಫಾರ್ಮರ್' ಎಂಬ ಮನೆತನದ ಹೆಸರೊಂದು ಉಂಟು. ಆದರೆ ಅದು ಮೊದಲು ಉಳುವವನಿಗೆ ಬಂದುದಲ್ಲ, ಕಂದಾಯದ ವಸೂಲಿಯನ್ನು ಗುತ್ತಿಗೆ ಹಿಡಿದವನಿಗೆ ಬಂದುದು. ಕಾರಣವು ಸರಳವಾಗಿದೆ. ಹೆಸರಿರುವುದು ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಿ ಗುರುತಿಸುವುದಕ್ಕೆ. ಊರೆಲ್ಲ ಉಳುವವರೇ ಆಗಿರುವಲ್ಲಿ "ಉಳುವ ಜಾನ್" ಎಂದರೆ ಯಾರೆಂದು ತಿಳಿದೀತು? "ಕಮ್ಮಾರ ಜಾನ್" ಎಂದರೆ ಕೂಸಿಗೂ ತಿಳಿಯುವುದು. ಏಕೆಂದರೆ ಊರಿಗೆ ಅವನೊಬ್ಬನೇ ಕಮ್ಮಾರ. ನೇಗಿಲಿನ ಗುಳ, ಕುಡುಗೋಲು, ಕುದುರೆಯ ಲಾಳ, ಬಾಗಿಲಿನ ಕೀಲು, ಯುದ್ಧ ಬಂದರೆ ಬಾಣದ ಅಲಗು, ಎಲ್ಲವೂ ಅವನ ಕುಲುಮೆಯಿಂದಲೇ ಬರಬೇಕು. ಹೀಗೆ ಅವನಿಲ್ಲದ ಊರಿರಲಿಲ್ಲ. ಒಂದೂರಿನಲ್ಲಿ ಇಬ್ಬರಿರುವುದೂ ಅಪರೂಪ. ಪ್ರತಿ ಹಳ್ಳಿಯಲ್ಲಿಯೂ ಅವನೊಬ್ಬನೇ ಇದ್ದುದರಿಂದಲೇ ಪ್ರತಿ ಹಳ್ಳಿಯಲ್ಲಿಯೂ ಆ ಹೆಸರು ಹುಟ್ಟಿತು. ಸಾವಿರಾರು ಹಳ್ಳಿಗಳಲ್ಲಿ ಒಬ್ಬೊಬ್ಬನಿಗೆ ಅಂಟಿದ ಹೆಸರುಗಳನ್ನೆಲ್ಲ ನಾಡಿನ ಲೆಕ್ಕದಲ್ಲಿ ಒಟ್ಟುಗೂಡಿಸಿದಾಗ, ಊರಿಗೆ ಏಕೈಕನಾಗಿದ್ದವನು ದೇಶಕ್ಕೆ ಅತಿ ಸಾಮಾನ್ಯನಾಗಿಬಿಟ್ಟನು. ಸ್ಮಿತ್ ಎಂಬ ಹೆಸರಿನ ರಹಸ್ಯವೆಲ್ಲವೂ ಇಷ್ಟರಲ್ಲಿ ಅಡಗಿದೆ.

ಇಷ್ಟು ತಿಳಿದ ಬಳಿಕ ಪಟ್ಟಣಗಳ ಸಂಗತಿಯೂ ಅರ್ಥವಾಗುವುದು. ಪಟ್ಟಣದಲ್ಲಿ ಲೋಹದ ಕೆಲಸದವರು ಅನೇಕರಿರುವುದರಿಂದ ಬರಿಯ ಸ್ಮಿತ್ ಎಂದರೆ ಗುರುತು ಸಾಲದು. ಆದುದರಿಂದ ಅಲ್ಲಿ ವಿಶೇಷಣ ಸೇರಿದ ಹೆಸರುಗಳು ಹುಟ್ಟಿದುವು. ಅಕ್ಕಸಾಲಿಯು ಗೋಲ್ಡ್‌ಸ್ಮಿತ್, ಬಾಣದ ಅಲಗು ಮಾಡುವವನು ಆರೋಸ್ಮಿತ್, ಲಾಳ ಮಾಡುವವನು ಶೂಸ್ಮಿತ್, ಚೂರಿ ಮಾಡುವವನು ನೇಸ್ಮಿತ್, ಕುಡುಗೋಲು ಮಾಡುವವನು ಸಿಕ್ಸ್‌ಸ್ಮಿತ್. ಈ ಕೊನೆಯದನ್ನು ನೋಡಿ ಆರು ಮಂದಿ ಕಮ್ಮಾರರೆಂದು ಅರ್ಥಮಾಡುವವರು ಇಂಗ್ಲೆಂಡಿನಲ್ಲಿಯೇ ಇದ್ದಾರೆ. ಆದರೆ ಅದು ಕುಡುಗೋಲಿನ ಹೆಸರಾದ 'ಸಿಕಲ್' ಸವೆದು ಆದ ರೂಪ. ಇನ್ನು ಸ್ಮಿತ್ ಎಂಬುದರ ನಡುವೆ 'ಐ' ಅಕ್ಷರಕ್ಕೆ ಬದಲಾಗಿ 'ವೈ' ಬರೆದು, ಕೊನೆಯಲ್ಲಿ 'ಈ' ಅಕ್ಷರವನ್ನು ಸೇರಿಸಿ, ಸ್ಮೈದ್ ಎಂದು ಎಳೆದು ಉಚ್ಚರಿಸುವ ಮನೆತನಗಳೂ ಉಂಟು. ಇವರು ಬೇರೆಯ ದೊಡ್ಡ ಕುಲದವರೆಂದು ಭಾವಿಸುವುದು ಸರಿಯಲ್ಲ. ಹಿಂದಿನ ಲೇಖಕರಿಗೆ ಆ ಎರಡು ಅಕ್ಷರಗಳೂ ಒಂದೇ. ಒಂದೇ ಹಾಳೆಯಲ್ಲಿ ಒಬ್ಬನ ಹೆಸರನ್ನೇ ಎರಡು ಬಗೆಯಾಗಿ ಬರೆಯುವುದಕ್ಕೂ ಅವರು ಹಿಂದೆಗೆಯುತ್ತಿರಲಿಲ್ಲ. ಕಾಗುಣಿತವು ನಿಂತದ್ದು ಬಹಳ ಈಚೆಗೆ.

ಸಂಖ್ಯೆಗಳ ವಿಚಾರ. ಇಗರ್ಜಿಗಳಲ್ಲಿ ಜನನ, ವಿವಾಹ, ಮರಣಗಳನ್ನು ಬರೆದಿಡಬೇಕೆಂದು ೧೫೩೮ರಲ್ಲಿ ಆಜ್ಞೆಯಾಯಿತು. ೧೮೩೭ರಲ್ಲಿ ಇಂಗ್ಲೆಂಡು ವೇಲ್ಸುಗಳಲ್ಲಿ ಸರಕಾರದ ದಾಖಲೆ ಇಲಾಖೆಯೇ ಈ ಕೆಲಸವನ್ನು ವಹಿಸಿಕೊಂಡಿತು. ಈ ಇಲಾಖೆಯವರು ತಮ್ಮ ಪುಸ್ತಕಗಳಿಂದ ಲೆಕ್ಕಹಾಕಿ ೧೮೫೩ರ ಸುಮಾರಿಗೆ ಆ ಎರಡು ನಾಡುಗಳಲ್ಲಿ ಸ್ಮಿತ್ ಎಂಬ ಹೆಸರಿನವರು ೨,೫೩,೬೦೦ ಮಂದಿ ಇರಬಹುದೆಂದು ಪ್ರಕಟಿಸಿದರು. ಎಂದರೆ ಪ್ರತಿ ಎಪ್ಪತ್ತಮೂರು ಜನರಲ್ಲಿ ಒಬ್ಬ. ಎರಡನೆಯ ಸ್ಥಾನವು ೨,೪೨,೧೦೦ ಮಂದಿಯ ಜೋನ್ಸ್ ಎಂಬುದಕ್ಕೆ, ಮೂರನೆಯದು ವಿಲಿಯಮ್ಸ್, ನಾಲ್ಕನೆಯದು ದರ್ಜಿಯ ಹೆಸರಾದ ಟೇಲರ್. ಜೋನ್ಸ್ ಎಂದರೆ ಜಾನನ ಮಗ. ವೇಲ್ಸ್ ನಾಡಿನಲ್ಲಿ ಇಳಿದುಬರುವ ಹೆಸರಿನ ಪದ್ಧತಿಯು ತೀರ ತಡವಾಗಿ ಬಂದು, ತಂದೆಯ ಹೆಸರೇ ಮನೆತನದ ಹೆಸರಾಗಿ ನಿಂತುದರಿಂದ ಅಲ್ಲಿ ಸ್ಮಿತ್ತರು ಕಡಮೆ, ಜೋನ್ಸರು ಹೆಚ್ಚು. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್‌ಗಳಿಗೂ ಇರುವ ನಂಟನ್ನು ೧೭೮೬ರಲ್ಲಿ ಕಲ್ಕತ್ತೆಯ ವಿದ್ವತ್ಸಭೆಯಲ್ಲಿ ಸಾರಿದ ಸರ್ ವಿಲಿಯಂ ಜೋನ್ಸ್ ಎಂಬ ಮಹಾಶಯನು ಲಂಡನ್ನಿನಲ್ಲಿ ಹುಟ್ಟಿದ್ದರೂ ಅವನ ತಂದೆಯು ವೇಲ್ಸಿನವನೇ. ಇಂದು ಬ್ರಿಟನ್ನಿನಲ್ಲಿ ಸ್ಮಿತ್ತರ ಸಂಖ್ಯೆಯು ಐದು ಲಕ್ಷವನ್ನು ಮೀರಿದೆ; ಇಂಗ್ಲೆಂಡಿನಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚಾಗಿ ಈ ಹೆಸರಿನವರಿದ್ದಾರೆ. ಆಸ್ಟ್ರೇಲಿಯಾದಲ್ಲಿಯೂ ಅಮೆರಿಕಾದ ಸಂಯುಕ್ತಸಂಸ್ಥಾನಗಳಲ್ಲಿಯೂ ಮೊದಲನೆಯ ಸ್ಥಾನವು ಇದಕ್ಕೇ ಸಂದಿದೆ.

ಈ ಲಕ್ಷಗಳೆಲ್ಲವೂ ಹಳ್ಳಿಯ ಕಮ್ಮಾರರ ಸಂತಾನವೇ? ಅಲ್ಲ. ಹೆಸರೊಂದು ಸಾಮಾನ್ಯವಾದ ಕೂಡಲೇ ಅದರಲ್ಲಿ ಬಂದು ಸೇರಿಕೊಳ್ಳುವವರೂ ಹೆಚ್ಚುತ್ತಾರೆ. ೧೪೬೫ರಲ್ಲಿ, ನಾಲ್ಕನೆಯ ಎಡ್ವರ್ಡ್ ದೊರೆಯ ಕಾಲದಲ್ಲಿ, ಐರ್ಲೆಂಡಿನ ಶಾಸನಸಭೆಯು ಒಂದು ವಿಚಿತ್ರವಾದ ಕಾನೂನನ್ನು ಮಾಡಿತು. ಡಬ್ಲಿನ್ ಮುಂತಾದ ನಾಲ್ಕು ಪ್ರಾಂತ್ಯಗಳಲ್ಲಿ ಆಂಗ್ಲೇಯರ ನಡುವೆ ವಾಸಿಸುವ ಐರಿಷ್ ಜನರು ಆಂಗ್ಲೇಯರಂತೆ ಉಡಬೇಕು. ತಮ್ಮ ಹೆಸರನ್ನು ಬಿಟ್ಟು ಒಂದು ಊರಿನ ಹೆಸರನ್ನೋ, ಬಿಳಿದು ಕರಿದು ಮುಂತಾದ ಬಣ್ಣದ ಹೆಸರನ್ನೋ, ಸ್ಮಿತ್ ಅಥವಾ ಕಾರ್ಪೆಂಟರ್ ಎಂಬಂತಹ ಕಸಬಿನ ಹೆಸರನ್ನೋ, ಅಡಿಗೆಯವನು ಉಗ್ರಾಣಿ ಎಂಬಂತಹ ಉದ್ಯೋಗದ ಹೆಸರನ್ನೋ ತಾಳಬೇಕು. ತಪ್ಪಿದರೆ ಆಸ್ತಿಯು ಮುಟ್ಟುಗೋಲು. ಐರಿಷ್ ಭಾಷೆಯಲ್ಲಿ ಕಮ್ಮಾರನ ಮಗನೆಂಬ ಅರ್ಥದ ಮೆಕ್‌ಗವನ್ ಎಂಬ ಮನೆತನಗಳಿದ್ದುವು. ಮುಂದಿನ ಕಾಲದಲ್ಲಿ, ಮುಖ್ಯವಾಗಿ ಕ್ಯಾವನ್ ಪ್ರಾಂತ್ಯದಲ್ಲಿ, ಇವರಲ್ಲಿ ಅನೇಕರು ತಮ್ಮ ಹೆಸರನ್ನು ಭಾಷಾಂತರಿಸಿ ಸ್ಮಿತ್ ಎಂದು ಕರೆಯಿಸಿಕೊಂಡರು. ನಾಡೂ ನುಡಿಯೂ ಬೇರೆಯಾದ ಈ ಜನರು ಒಂದು ಅನುವಾದದ ಬಲದಿಂದ ಇಂಗ್ಲೆಂಡಿನ ಕಮ್ಮಾರರ ಪಟ್ಟಿಯಲ್ಲಿ ಸೇರಿದರು. ಹೆಸರು ಆಳುವವರ ಕೈಯಲ್ಲಿ ಎಂತಹ ಆಯುಧವಾಗಬಲ್ಲುದೆಂಬುದಕ್ಕೆ ಇದು ನಿದರ್ಶನ.

ಅಮೆರಿಕಾದ ಸಂಗತಿಯು ಇನ್ನೂ ವಿಚಾರಾರ್ಹವಾದುದು. ೨೦೧೦ರ ಜನಗಣತಿಯಲ್ಲಿ ಅಲ್ಲಿ ಸ್ಮಿತ್ ಎಂಬ ಹೆಸರಿನವರು ೨೪,೪೨,೯೭೭ ಮಂದಿ, ಲಕ್ಷಕ್ಕೆ ೮೨೮ರಂತೆ. ಇವರಲ್ಲಿ ನೂರಕ್ಕೆ ಸುಮಾರು ಎಪ್ಪತ್ತೊಂದು ಮಂದಿ ಬಿಳಿಯರು. ನೂರಕ್ಕೆ ಇಪ್ಪತ್ತಮೂರು ಮಂದಿ ಕರಿಯರು. ಬಿಳಿಯರಲ್ಲಿಯೂ ಎಲ್ಲರೂ ಇಂಗ್ಲೆಂಡಿನಿಂದ ಹೋದವರ ವಂಶದವರಲ್ಲ. ಜರ್ಮನಿಯಿಂದ ಹೋದ ಷ್ಮಿಟ್ಟರಲ್ಲಿ ಅನೇಕರು ನೆರೆಯವರ ನಾಲಗೆಗೆ ಸುಲಭವಾಗಲೆಂದೋ ವೈರವು ತಪ್ಪಲೆಂದೋ ಸ್ಮಿತ್ತರಾದರು. ಇನ್ನು ಕರಿಯರ ಪೂರ್ವಿಕರನ್ನು ಆಫ್ರಿಕಾದಿಂದ ಸೆರೆಹಿಡಿದು ತಂದು ಮಾರಿದಾಗ ಅವರ ಹೆಸರುಗಳನ್ನೂ ಕಿತ್ತುಕೊಂಡರು. ಒಡೆಯನ ಲೆಕ್ಕದ ಪುಸ್ತಕದಲ್ಲಿ ಹಲವು ವೇಳೆ ಅವರಿಗೆ ಒಂಟಿ ಹೆಸರೇ ಹೊರತು ಮನೆತನವೆಂಬುದಿರಲಿಲ್ಲ. ೧೮೬೫ರಲ್ಲಿ ದಾಸ್ಯವು ರದ್ದಾದಾಗ, ಸ್ವತಂತ್ರರಾದವರು ವಿವಾಹಕ್ಕೂ ಕೂಲಿಯ ಕರಾರಿಗೂ ಮಕ್ಕಳನ್ನು ಪಾಠಶಾಲೆಗೆ ಸೇರಿಸುವುದಕ್ಕೂ ಪೂರ್ಣವಾದ ಹೆಸರನ್ನು ಬರೆಯಿಸಬೇಕಾಯಿತು. ಕೆಲವರು ಹಳೆಯ ಒಡೆಯನ ಹೆಸರನ್ನು ಬರೆಯಿಸಿದರು. ಕೆಲವರು ಬೇಕೆಂದೇ ಅದನ್ನು ಬಿಟ್ಟು ಬೇರೊಂದನ್ನು ಆರಿಸಿಕೊಂಡರು. ಅಂತಹ ಒಂದು ಮನೆಯಲ್ಲಿ ಸ್ಮಿತ್ ಎಂಬ ಎರಡಕ್ಷರದ ಹಿಂದೆ ಇರುವುದು ಕುಲುಮೆಯಲ್ಲ, ಸಂಕಲೆ. ಆದರೂ ಜನಗಣತಿಯ ಪಟ್ಟಿಯಲ್ಲಿ ಎರಡು ಹೆಸರೂ ಒಂದರ ಕೆಳಗೊಂದು ಒಂದೇ ತೆರನಾಗಿ ನಿಂತಿರುತ್ತವೆ.

ಹೆಸರು ಎಷ್ಟು ಸಾಮಾನ್ಯವಾಗಿತ್ತೆಂದರೆ ಮರೆಮಾಚುವುದಕ್ಕೂ ಅದೇ ಅನುಕೂಲವಾಯಿತು. ೧೮೪೮ರಲ್ಲಿ ಪ್ಯಾರಿಸ್ಸಿನ ಜನರು ದಂಗೆಯೆದ್ದಾಗ ಫ್ರಾನ್ಸಿನ ದೊರೆಯಾದ ಲೂಯಿ ಫಿಲಿಪ್ಪನು ಸಿಂಹಾಸನವನ್ನು ಬಿಟ್ಟು, ವೇಷವನ್ನು ಮರೆಸಿಕೊಂಡು, ಮಾರ್ಚಿ ತಿಂಗಳಲ್ಲಿ ಸಮುದ್ರವನ್ನು ದಾಟಿ ಇಂಗ್ಲೆಂಡಿನ ನ್ಯೂಹೇವನ್ ರೇವಿನಲ್ಲಿ ಇಳಿದನು. ಆಗ ಅವನು ತಾಳಿದ್ದ ಹೆಸರು ಮಿಸ್ಟರ್ ಸ್ಮಿತ್. ರಾಜನೊಬ್ಬನು ಅಡಗಿಕೊಳ್ಳಬೇಕಾದರೆ ಅದಕ್ಕಿಂತ ದಟ್ಟವಾದ ಕಾಡು ಇಂಗ್ಲಿಷಿನಲ್ಲಿ ಬೇರೆ ಇರಲಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಕಥೆಯನ್ನೂ ಹೇಳಬೇಕು. ಸ್ಮಿತ್ತನ ಮಗನೆಂಬ ಅರ್ಥದ ಸ್ಮಿತ್‌ಸನ್ ಎಂಬ ಮನೆತನದಲ್ಲಿ ಹುಟ್ಟಿದ ಸರ್ ಹ್ಯೂ ಸ್ಮಿತ್‌ಸನ್ ಎಂಬಾತನು ಪರ್ಸಿ ಎಂಬ ಪುರಾತನ ಪ್ರಭುಕುಲದ ಸಂಪತ್ತಿಗೆ ಬಾಧ್ಯಳಾದ ಕನ್ಯೆಯನ್ನು ವರಿಸಿದನು. ೧೭೫೦ರಲ್ಲಿ ತನ್ನ ಹೆಸರನ್ನು ತೊರೆದು ಪರ್ಸಿ ಎಂಬುದನ್ನು ಧರಿಸಿದನು. ಕಾಲಕ್ರಮದಲ್ಲಿ ನಾರ್ತಂಬರ್‌ಲೆಂಡಿನ ಡ್ಯೂಕ್ ಪದವಿಗೆ ಏರಿದನು. ಈತನಿಗೆ ವಿವಾಹಬಂಧದ ಹೊರಗೆ ಜೇಮ್ಸ್ ಎಂಬ ಮಗನು ಸುಮಾರು ೧೭೬೫ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದನು. ಡ್ಯೂಕನ ಪದವಿಯಲ್ಲಿಯೂ ಹೆಸರಿನಲ್ಲಿಯೂ ಈ ಮಗನಿಗೆ ಪಾಲಿರಲಿಲ್ಲ. ತಾಯಿಯ ಹೆಸರಾದ ಮೇಸಿ ಎಂಬುದನ್ನು ಇಟ್ಟುಕೊಂಡು ಬೆಳೆದು ರಸಾಯನಶಾಸ್ತ್ರದಲ್ಲಿ ಪ್ರವೀಣನಾದನು. ೧೮೦೦ರಲ್ಲಿ ತಾಯಿಯು ತೀರಿಕೊಂಡ ಮೇಲೆ, ತಂದೆಯು ಕೀಳೆಂದು ಕಳಚಿಟ್ಟಿದ್ದ ಸ್ಮಿತ್‌ಸನ್ ಎಂಬ ಹೆಸರನ್ನೇ ಮಗನು ಎತ್ತಿಕೊಂಡನು. ೧೮೨೯ರಲ್ಲಿ ಸಾಯುವಾಗ ಅವನಿಗೆ ಮಕ್ಕಳಿರಲಿಲ್ಲ. ತನ್ನ ಸೋದರನ ಮಗನಿಗೆ ಸಂತಾನವಾಗದೆ ಹೋದಲ್ಲಿ ತನ್ನ ಆಸ್ತಿಯೆಲ್ಲವೂ ಅಮೆರಿಕಾದ ಜನರಿಗೆ ಸೇರತಕ್ಕದ್ದೆಂದೂ, ಅದರಿಂದ ವಾಷಿಂಗ್‌ಟನ್ ನಗರದಲ್ಲಿ ತನ್ನ ಹೆಸರಿನ ವಿದ್ಯಾಸಂಸ್ಥೆಯೊಂದು ಏಳಬೇಕೆಂದೂ ಮರಣಶಾಸನವನ್ನು ಬರೆದಿಟ್ಟಿದ್ದನು. ಹಾಗೆಯೇ ಆಯಿತು. ಲಕ್ಷಕ್ಕೆ ಮೇಲ್ಪಟ್ಟ ಚಿನ್ನದ ಸವರನ್ನುಗಳು ೧೮೩೮ರಲ್ಲಿ ಹಡಗಿನಲ್ಲಿ ಹೋದುವು. ೧೮೪೬ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯು ಸ್ಥಾಪಿತವಾಯಿತು. ಅವನು ಬದುಕಿರುವಾಗ ಆ ದೇಶವನ್ನು ಒಮ್ಮೆಯೂ ಕಂಡವನಲ್ಲ. ಇಂದು ಲೋಕದ ನಾನಾ ಕಡೆಯ ಜನರು ಆ ಸಂಸ್ಥೆಯ ವಸ್ತುಸಂಗ್ರಹಾಲಯಗಳನ್ನು ನೋಡಲು ಹೋಗುತ್ತಾರೆ. ಡ್ಯೂಕನು ಬಿಸುಟ ಹೆಸರು ಅವರ ಬಾಯಲ್ಲಿ ನಿಂತಿದೆ.

ಹಾಗಾದರೆ ಸ್ಮಿತ್ತರಲ್ಲಿ ಪರಸ್ಪರ ರಕ್ತಸಂಬಂಧವೆಷ್ಟು? ಇದನ್ನು ಈಗ ಊಹಿಸಬೇಕಾಗಿಲ್ಲ, ಪರೀಕ್ಷಿಸಿ ನೋಡಿದ್ದಾರೆ. ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ವೈ ಎಂಬ ವರ್ಣತಂತುವೊಂದು ಪುರುಷರ ದೇಹದಲ್ಲಿರುವುದು. ಇಂಗ್ಲೆಂಡಿನ ಮನೆತನದ ಹೆಸರೂ ತಂದೆಯಿಂದಲೇ ಇಳಿಯುವುದರಿಂದ ಇವೆರಡನ್ನೂ ಹೋಲಿಸಬಹುದು. ಲೆಸ್ಟರ್ ವಿಶ್ವವಿದ್ಯಾನಿಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜೋಬ್ಲಿಂಗ್ ಎಂಬ ವಿದ್ವಾಂಸರು ನಲವತ್ತು ಹೆಸರುಗಳಿಗೆ ಸೇರಿದ ೧,೬೭೮ ಪುರುಷರನ್ನು ಹೀಗೆ ಪರೀಕ್ಷಿಸಿ ೨೦೦೯ರಲ್ಲಿ ಫಲವನ್ನು ಪ್ರಕಟಿಸಿದರು. ಅಟೆನ್‌ಬರೋ ಎಂಬಂತಹ ವಿರಳವಾದ ಹೆಸರಿನವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯ ತಂತುವು ಒಂದೇ ಬಗೆಯದಾಗಿದ್ದಿತು. ಇವರು ಬಹುಮಟ್ಟಿಗೆ ಒಬ್ಬನೇ ಮೂಲಪುರುಷನ ಸಂತತಿ. ಸ್ಮಿತ್ತರನ್ನು ಪರೀಕ್ಷಿಸಿದಾಗಲೋ, ದಾರಿಯಲ್ಲಿ ಹೋಗುವ ಬೇರೆ ಬೇರೆ ಹೆಸರಿನವರನ್ನು ಕೂಡಿಸಿ ನೋಡಿದರೆ ಎಷ್ಟು ಸಾಮ್ಯವೋ ಇವರಲ್ಲಿಯೂ ಹೆಚ್ಚು ಕಡಮೆ ಅಷ್ಟೇ ಕಂಡುಬಂದಿತು. ಊರಿಗೊಬ್ಬ ಕಮ್ಮಾರನೆಂಬ ನಮ್ಮ ಹಿಂದಿನ ವಾದಕ್ಕೆ ಇದೇ ಸಾಕ್ಷಿ. ಇದರೊಡನೆ ಇನ್ನೊಂದು ಲೆಕ್ಕವನ್ನೂ ನೆನೆಯಬೇಕು. ಹತ್ತು ತಲೆಗಳ ಹಿಂದಕ್ಕೆ ಎಣಿಸಿದರೆ ಒಬ್ಬನಿಗೆ ಆ ತಲೆಯೊಂದರಲ್ಲಿಯೇ ೧,೦೨೪ ಮಂದಿ ಪೂರ್ವಿಕರ ಸ್ಥಾನವಿರುತ್ತದೆ. ಹೆಸರು ಇಳಿದುಬರುವುದು ಅವರಲ್ಲಿ ಒಬ್ಬನಿಂದ ಮಾತ್ರ. ಮದುವೆಯಾದ ಕೂಡಲೇ ತವರಿನ ಹೆಸರನ್ನು ಬಿಟ್ಟ ತಾಯಂದಿರೂ ಅವರ ತಂದೆಗಳೂ, ಎಂದರೆ ಉಳಿದ ೧,೦೨೩ ಮಂದಿಯೂ, ಹೆಸರಿನಲ್ಲಿ ಮುಖವನ್ನೇ ತೋರುವುದಿಲ್ಲ.

ಇಷ್ಟಾಗಿಯೂ ಹೆಸರಿನ ಮೋಹವು ಜನರನ್ನು ಬಿಡದು. ಸ್ಮಿತ್ ಮನೆತನದ ಲಾಂಛನವೆಂದು ಗುರಾಣಿಯ ಮೇಲೆ ಸಿಂಹವನ್ನೋ ಹಕ್ಕಿಯನ್ನೋ ಚಿತ್ರಿಸಿ, ಕಟ್ಟುಹಾಕಿಸಿ, ಹಣಕ್ಕೆ ಮಾರುವ ವ್ಯಾಪಾರಿಗಳು ಪಶ್ಚಿಮದೇಶಗಳಲ್ಲಿ ಇದ್ದಾರೆ. ಕೊಂಡು ನಡುಮನೆಯಲ್ಲಿ ತೂಗುಹಾಕುವವರೂ ಇದ್ದಾರೆ. ಇಂಗ್ಲೆಂಡಿನ ಶಾಸ್ತ್ರದಂತೆ ಲಾಂಛನವು ಹೆಸರಿಗೆ ಸೇರಿದುದಲ್ಲ. ಅದನ್ನು ಪಡೆದ ಒಬ್ಬ ವ್ಯಕ್ತಿಗೂ ಅವನ ಔರಸ ಸಂತತಿಗೂ ಸೇರಿದುದು. ಇವುಗಳನ್ನು ನಿರ್ಣಯಿಸುವುದಕ್ಕಾಗಿ ೧೪೮೪ರಲ್ಲಿ ಏರ್ಪಟ್ಟ ಸಂಸ್ಥೆಯೊಂದು ಲಂಡನ್ನಿನಲ್ಲಿ ಇಂದಿಗೂ ನಡೆಯುತ್ತಿದೆ. ಐದು ಲಕ್ಷ ಮಂದಿಗೆ ಸಲ್ಲುವ ಸ್ಮಿತ್ ಲಾಂಛನವೆಂಬುದೊಂದು ಎಂದಿಗೂ ಇರಲಿಲ್ಲ.

ಮೊದಲಿನ ನಾಲ್ವರಲ್ಲಿ ಮೂವರ ಮನೆಯನ್ನು ಈಗ ನೋಡಿದರೆ ಸಾಕು. ಆಡಮ್ ಸ್ಮಿತ್ತನ ತಂದೆಯು ಸ್ಕಾಟ್‌ಲೆಂಡಿನ ಸುಂಕದ ಅಧಿಕಾರಿಯೆಂದು ಹೇಳಿದ್ದೇವೆ. ೧೯೦೪ರಲ್ಲಿ ನಮ್ಮ ದೇಶದ ಪ್ರಾಚೀನ ಚರಿತ್ರೆಯನ್ನು ಪ್ರಕಟಿಸಿದ ವಿನ್ಸೆಂಟ್ ಸ್ಮಿತ್ತನು ಐರ್ಲೆಂಡಿನ ಡಬ್ಲಿನ್ ನಗರದ ವೈದ್ಯನೊಬ್ಬನ ಮಗ. ಇಂಗ್ಲೆಂಡಿನ ಭೂಗರ್ಭದ ಪದರಗಳನ್ನು ೧೮೧೫ರಲ್ಲಿ ಬಣ್ಣದ ನಕ್ಷೆಯಾಗಿ ಬರೆದು ತೋರಿಸಿದ ವಿಲಿಯಂ ಸ್ಮಿತ್ತನೊಬ್ಬನು ಮಾತ್ರ ೧೭೬೯ರಲ್ಲಿ ಆಕ್ಸ್‌ಫರ್ಡ್ ಪ್ರಾಂತ್ಯದ ಚರ್ಚಿಲ್ ಎಂಬ ಹಳ್ಳಿಯ ನಿಜವಾದ ಕಮ್ಮಾರನ ಮನೆಯಲ್ಲಿ ಹುಟ್ಟಿದವನು. ಮೂವರಿಗೂ ಹೆಸರು ಒಂದೇ. ಹುಟ್ಟಿದ ನಾಡು ಬೇರೆ, ಮನೆ ಬೇರೆ.

ನಮ್ಮ ನಾಡಿನಲ್ಲಿಯೂ ಇದಕ್ಕೆ ಸಮಾನವಾದ ಸಂಗತಿಗಳಿಲ್ಲದೆ ಇಲ್ಲ. ಉತ್ತರ ಕರ್ನಾಟಕದ ಅಡ್ಡಹೆಸರುಗಳಲ್ಲಿ ಪಾಟೀಲ, ಕುಲಕರ್ಣಿ ಎಂಬುವು ಎಷ್ಟು ಹೆಚ್ಚಾಗಿವೆ! ಊರಿಗೊಬ್ಬ ಪಟೇಲ, ಊರಿಗೊಬ್ಬ ಶಾನುಭೋಗ ಇದ್ದುದೇ ಅದಕ್ಕೆ ಕಾರಣ. ಎರಡು ಊರಿನ ಪಾಟೀಲರು ಬಂಧುಗಳಾಗಲೇಬೇಕೆಂಬ ನಿಯಮವಿಲ್ಲ. ಕಮ್ಮಾರನ ಹೆಸರೂ ಅಲ್ಲಿ ಕಂಬಾರ ಎಂಬ ರೂಪದಲ್ಲಿ ಉಂಟು. ೨೦೧೦ರ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ಕವಿ ಚಂದ್ರಶೇಖರ ಕಂಬಾರರ ಹೆಸರನ್ನು ಇಂಗ್ಲಿಷಿಗೆ ಭಾಷಾಂತರಿಸಿದರೆ ಅವರು ಚಂದ್ರಶೇಖರ ಸ್ಮಿತ್ ಆದಾರು. ಭಾಷಾಂತರಿಸದೆ ಇರುವುದೇ ಲೇಸು. ಪರದೇಶಗಳಿಗೆ ಹೋಗುವ ನಮ್ಮ ಮಕ್ಕಳು ಅರ್ಜಿಯ ಕಾಗದದಲ್ಲಿ ಮನೆತನದ ಹೆಸರೆಂಬ ಸ್ಥಳವನ್ನು ಏನಾದರೊಂದರಿಂದ ತುಂಬಬೇಕಾಗುವ ಕಾಲವಿದು. ಊರಿನ ಹೆಸರೋ, ತಂದೆಯ ಹೆಸರೋ, ಯಾವುದನ್ನು ಬರೆದರೂ ಎರಡು ಮೂರು ತಲೆಗಳಲ್ಲಿ ಅದು ರೂಢವಾಗಿ, ಅದರ ಕಾರಣವು ಮರೆತುಹೋಗುವುದು. ಆದುದರಿಂದ ಗೃಹಸ್ಥರಲ್ಲಿ ನಮ್ಮ ಸೂಚನೆ ಇಷ್ಟೆ. ಒಂದು ಗಟ್ಟಿ ಪುಸ್ತಕದಲ್ಲಿ ನಾಲ್ಕು ತಲೆಗಳವರೆಗೆ ತಂದೆಯ ಕಡೆಯವರನ್ನೂ ತಾಯಿಯ ಕಡೆಯವರನ್ನೂ, ಅವರ ಊರನ್ನೂ ಮಾಡಿದ ಕೆಲಸವನ್ನೂ, ಮನೆಯ ಹಿರಿಯರು ಬದುಕಿರುವಾಗಲೇ ಕೇಳಿ ಬರೆದಿಡಿರಿ. ಅಜ್ಜಿಯರ ತವರಿನ ಹೆಸರನ್ನು ಮೊದಲು ಬರೆಯಿರಿ. ಬೇಗನೆ ಮರೆತುಹೋಗುವುದು ಅದೇ.